ಗಾಳಿಗೆ ಬಿದ್ದ ತೋಟ

ಮಲೆನಾಡು ಮತ್ತು ಕರಾವಳಿಯ ಅಡಿಕೆ ಬೆಳೆಗಾರನಿಗೆ ವರ್ಷದಲ್ಲಿ ಎರಡು ಕಾಲಗಳು ಆತಂಕದ ಕಾಲಗಳು. ಹಗಲಿನ ಉರಿಯನ್ನೆಲ್ಲ ಒಡಲಲ್ಲಿ ಕೂಡಿಸಿಕೊಂಡ ಮೋಡಗಳು ಸಂಜೆಯ ವೇಳೆಗೆ ಗುಡುಗು ಸಿಡಿಲುಗಳೊಡನೆ ಒಮ್ಮೆಲೇ ಎರಗುವ ಏಪ್ರಿಲ್–ಮೇ ತಿಂಗಳುಗಳ ಅಶ್ವಿನಿ, ಭರಣಿ, ಕೃತ್ತಿಕೆಯ ಮಳೆಗಾಲ ಮೊದಲನೆಯದು. ನೆಲವೆಲ್ಲ ನೆನೆದು ಬೇರಿನ ಹಿಡಿತ ಸಡಿಲಗೊಂಡಿರುವಾಗ ಪಡುವಣ ಸಮುದ್ರದಿಂದ ಬೀಸಿ ಬರುವ ಆಷಾಢದ ಗಾಳಿಯ ಕಾಲ ಎರಡನೆಯದು. ಈ ಎರಡರಲ್ಲಿ ಯಾವುದೇ ಇರಲಿ, ಅದರ ಉಗ್ರರೂಪವು ಬಹುಕಾಲ ನಿಲ್ಲುವುದಿಲ್ಲ. ಆದರೆ ಆ ಅಲ್ಪಕಾಲದಲ್ಲೇ, ಅಜ್ಜನ ಕಾಲದಿಂದ ಸಾಲು ಹಿಡಿದು ನಿಂತಿದ್ದ ಮರಗಳು ನಡುವಿನಲ್ಲಿ ಮುರಿದು, ಒಂದು ಮರ ಬೀಳುವಾಗ ಪಕ್ಕದ ಮರವನ್ನೂ ಕೆಡವಿ, ಆ ಮರಕ್ಕೆ ಹಬ್ಬಿದ್ದ ಕಾಳುಮೆಣಸಿನ ಬಳ್ಳಿಯನ್ನು ಬುಡದಿಂದ ಸೆಳೆದು, ಕೆಳಗಿನ ಬಾಳೆ ಕೊಕ್ಕೊಗಳನ್ನು ಜಜ್ಜಿ, ನೀರಿನ ಪೈಪುಗಳನ್ನು ಒಡೆದು, ವಿದ್ಯುತ್ ತಂತಿಗಳನ್ನು ನೆಲಕ್ಕೆಳೆದು, ತೋಟವೆಂಬ ತೋಟವನ್ನೇ ಕಾಲಿಡಲಾಗದ ಗೊಂದಲವನ್ನಾಗಿ ಮಾಡಿಬಿಡುತ್ತವೆ.

ಇಂಥ ನಷ್ಟವನ್ನು ನಾವು ಸಾಮಾನ್ಯವಾಗಿ ಮರಗಳ ಲೆಕ್ಕದಲ್ಲಿ ಹೇಳುತ್ತೇವೆ, ಇಲ್ಲವೇ ರೂಪಾಯಿಯ ಲೆಕ್ಕದಲ್ಲಿ ಹೇಳುತ್ತೇವೆ. ಆದರೆ ಅಡಿಕೆ ತೋಟದ ವಿಷಯದಲ್ಲಿ ಬಿರುಗಾಳಿಯು ನಿಜವಾಗಿ ಅಪಹರಿಸುವುದು ಕಾಲವನ್ನು. ಆದುದರಿಂದ ಅದರಿಂದ ಚೇತರಿಸಿಕೊಳ್ಳುವ ಕೆಲಸವೂ ಕಾಲಕ್ರಮವನ್ನು ಅರಿತು ನಡೆಯತಕ್ಕ ಕೆಲಸ: ಇಂದು ಮಾಡತಕ್ಕದ್ದು ಯಾವುದು, ಈ ಋತುವಿನಲ್ಲಿ ಮಾಡತಕ್ಕದ್ದು ಯಾವುದು, ಮುಂದಿನ ಹತ್ತು ವರ್ಷಗಳಿಗಾಗಿ ಮಾಡತಕ್ಕದ್ದು ಯಾವುದು ಎಂಬ ವಿವೇಕವು ಧೃತಿಯಷ್ಟೇ ಅವಶ್ಯಕವಾದುದು.

ಒಂದೇ ಸುಳಿಯ ಮರ

ಮಾವು ಹಲಸುಗಳಂಥ ಮರದ ಕೊಂಬೆ ಮುರಿದರೆ ಉಳಿದ ಭಾಗದಿಂದ ಹೊಸ ಚಿಗುರು ಹೊರಟು ಕೆಲವು ವರ್ಷಗಳಲ್ಲಿ ಮರವು ತನ್ನ ಆಕಾರವನ್ನು ಮರಳಿ ಪಡೆಯುವುದುಂಟು. ಅಡಿಕೆಗೆ ಆ ಭಾಗ್ಯವಿಲ್ಲ. ಅದರ ಬೆಳವಣಿಗೆಯೆಲ್ಲ ನೆತ್ತಿಯ ಒಂದೇ ಸುಳಿಯಲ್ಲಿ ಅಡಗಿರುವುದರಿಂದ ಸುಳಿ ಹೋದ ಮರವು ಸತ್ತ ಮರವೇ ಸರಿ. ಹೊರಗಿನ ಪದರದಲ್ಲಿ ಹೊಸ ಅಂಗಾಂಶವನ್ನು ಬೆಳೆಸಿ ಗಾಯವನ್ನು ಮುಚ್ಚಿಕೊಳ್ಳುವ ಶಕ್ತಿಯೂ ಈ ಜಾತಿಯ ಮರಗಳ ಕಾಂಡಕ್ಕೆ ಇಲ್ಲ. ಒಮ್ಮೆ ಬಿದ್ದ ಬಿರುಕು ಮರದ ಆಯುಷ್ಯವಿರುವವರೆಗೂ ಬಿರುಕಾಗಿಯೇ ಉಳಿಯುತ್ತದೆ.

ಸಾಲಿನಿಂದ ಸಾಲಿಗೂ ಗಿಡದಿಂದ ಗಿಡಕ್ಕೂ 2.7 ಮೀಟರ್ ಅಂತರವಿಟ್ಟು ನೆಟ್ಟರೆ ಒಂದು ಹೆಕ್ಟೇರಿನಲ್ಲಿ ಸುಮಾರು 1,370 ಮರಗಳು ನಿಲ್ಲುತ್ತವೆ. ನೆಟ್ಟ ಸಸಿ ಫಲ ಕೊಡಲು ತೊಡಗುವುದಕ್ಕೆ ಐದರಿಂದ ಏಳು ವರ್ಷ ಬೇಕು; ಫಸಲು ಪೂರ್ಣ ಪ್ರಮಾಣಕ್ಕೆ ಬರಲು ಮತ್ತೂ ಕೆಲವು ವರ್ಷ. ಹಾಗೆ ಬಂದ ಮರವು ಹಲವು ದಶಕಗಳ ಕಾಲ ಮನೆಯನ್ನು ಸಲಹುತ್ತದೆ. ಭತ್ತದ ಪೈರು ನೆಲಕಚ್ಚಿದರೆ ರೈತನು ಮುಂದಿನ ಹಂಗಾಮನ್ನು ನಿರೀಕ್ಷಿಸಬಹುದು. ಅಡಿಕೆಯ ಮರ ಮುರಿದರೆ ಅವನು ನಿರೀಕ್ಷಿಸಬೇಕಾದದ್ದು ಮಗನ ವಿದ್ಯಾಭ್ಯಾಸವೋ ಮಗಳ ಮದುವೆಯೋ ಮುಗಿದ ಮೇಲಿನ ಒಂದು ಕಾಲವನ್ನು.

ಗಾಳಿಯ ಹಿಂದೆ ಬರುವ ಬಿಸಿಲು

ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೇಗ ಎರಡರಷ್ಟಾದಾಗ ಒತ್ತಡ ನಾಲ್ಕರಷ್ಟಾಗುತ್ತದೆ. ಅಡಿಕೆಯ ಕಾಂಡವು ಸಪೂರ. ಭಾರವೆಲ್ಲ ತುದಿಯ ಸೋಗೆಗಳಲ್ಲಿಯೂ ಗೊನೆಗಳಲ್ಲಿಯೂ ಕೂಡಿರುತ್ತದೆ. ಹಾಗಿದ್ದರೂ ಆರೋಗ್ಯವಂತವಾದ ಮರವು ಬಾಗಿ ಬಳುಕಿ ಬಹುಮಟ್ಟಿನ ಗಾಳಿಯನ್ನು ತಾಳಿಕೊಳ್ಳುತ್ತದೆ. ಮೊದಲು ಮುರಿಯುವುವು ಹಳೆಯ ಬಿರುಕಿದ್ದ ಮರಗಳು. ಆ ಬಿರುಕಿಗೆ ಬಹುತೇಕ ಸಂದರ್ಭಗಳಲ್ಲಿ ಕಾರಣ ಬಿಸಿಲು.

ಸೂರ್ಯನು ದಕ್ಷಿಣಕ್ಕೆ ವಾಲಿರುವ ತಿಂಗಳುಗಳಲ್ಲಿ ಮಧ್ಯಾಹ್ನಾನಂತರದ ಬಿಸಿಲು ನೈಋತ್ಯದ ಕಡೆಯಿಂದ ಓರೆಯಾಗಿ ಕಾಂಡದ ಮೇಲೆ ಬೀಳುತ್ತದೆ. ನೆರಳಿಲ್ಲದ ಮರದ ಆ ಪಾರ್ಶ್ವವು ಮೊದಲು ಹಳದಿಯಾಗಿ, ಆಮೇಲೆ ಕಂದಾಗಿ, ಕೊನೆಗೆ ಸೀಳುತ್ತದೆ. ಸೀಳಿನೊಳಗೆ ಶಿಲೀಂಧ್ರಗಳು ಸೇರಿ ಕಾಂಡವನ್ನು ಒಳಗಿಂದೊಳಗೇ ಟೊಳ್ಳು ಮಾಡುತ್ತವೆ. ಕೆಲವು ವರ್ಷಗಳ ತರುವಾಯ ಒಂದು ಬಿರುಸಾದ ಗಾಳಿ ಬಂದು ಆ ಮರವು ಬಿದ್ದಾಗ ಜನರು ಗಾಳಿಯನ್ನು ದೂರುತ್ತಾರೆ; ಮುರಿದ ಜಾಗವನ್ನು ಪರೀಕ್ಷಿಸಿದರೆ ಅಪರಾಧದ ಪಾಲು ಬಿಸಿಲಿನದೂ ಹೌದೆಂಬುದು ತಿಳಿಯುತ್ತದೆ.

ಇದರಿಂದ ಒಂದು ಮುಖ್ಯವಾದ ಸಂಗತಿ ಹೊರಡುತ್ತದೆ. ಬಿರುಗಾಳಿಯು ತೋಟದಲ್ಲಿ ತೆರವುಗಳನ್ನುಂಟುಮಾಡಿ ಹೋಗುತ್ತದೆ. ಆ ತೆರವಿನ ಅಂಚಿನಲ್ಲಿ ಉಳಿದು ನಿಂತ ಮರಗಳು, ಅದುವರೆಗೆ ನೆರೆಯ ಮರಗಳ ನೆರಳಿನಲ್ಲಿ ಬೆಳೆದವು, ಏಕಾಏಕಿ ಬಿಸಿಲಿಗೆ ಒಡ್ಡಿಕೊಳ್ಳುತ್ತವೆ. ಇಂದು ಬಿದ್ದ ಮರಗಳನ್ನು ಕುರಿತು ಶೋಕಿಸುತ್ತ ಉಳಿದ ಮರಗಳನ್ನು ಮರೆತರೆ, ಮುಂದಿನ ಬಿರುಗಾಳಿಗೆ ಬೇಕಾದ ಆಹುತಿಯನ್ನು ನಾವೇ ಸಿದ್ಧಪಡಿಸಿದಂತಾಗುತ್ತದೆ. ಆ ಕಾರಣ ತೆರವಿನ ಅಂಚಿನ ಮರಗಳ ದಕ್ಷಿಣ ಮತ್ತು ಪಶ್ಚಿಮ ಪಾರ್ಶ್ವಗಳಿಗೆ ಸೋಗೆಯನ್ನೋ ಹಾಳೆಯನ್ನೋ ಕಟ್ಟುವುದು, ಇಲ್ಲವೇ ಸುಣ್ಣ ಬಳಿಯುವುದು, ಮಳೆಗಾಲ ಮುಗಿಯುವ ಮುನ್ನವೇ ಆಗಬೇಕಾದ ಕಾರ್ಯ. ತೆರವಿನಲ್ಲಿ ಬಾಳೆಯನ್ನು ನೆಟ್ಟರೆ ಅದು ವರ್ಷದೊಳಗೆ ನೆರಳನ್ನೂ ಕೊಡುತ್ತದೆ, ಸ್ವಲ್ಪ ಆದಾಯವನ್ನೂ ಕೊಡುತ್ತದೆ.

ಮೊದಲ ದಿನಗಳು

ಗಾಳಿ ನಿಂತೊಡನೆ ತೋಟಕ್ಕೆ ಧಾವಿಸುವುದು ಸಹಜ. ಆದರೆ ಆ ಹೊತ್ತಿನಲ್ಲಿ ತೋಟವು ಅಪಾಯದ ಸ್ಥಳ. ಹರಿದು ಬಿದ್ದ ತಂತಿಯಲ್ಲಿ ವಿದ್ಯುತ್ತು ಇಲ್ಲವೆಂದು ಯಾರೂ ಭಾವಿಸಬಾರದು. ಲೈನ್‌ಮನ್ ಬಂದು ಸಂಪರ್ಕ ಕಡಿದಿದೆಯೆಂದು ಖಚಿತಪಡಿಸುವವರೆಗೆ ಆ ಭಾಗಕ್ಕೆ ಮನುಷ್ಯರನ್ನಾಗಲಿ ದನಕರುಗಳನ್ನಾಗಲಿ ಬಿಡಕೂಡದು. ಒಂದರ ಮೇಲೊಂದು ಒರಗಿ ಅರ್ಧಕ್ಕೆ ನಿಂತ ಮರಗಳೂ, ಬಿಲ್ಲಿನಂತೆ ಬಾಗಿ ಸಿಕ್ಕಿಹಾಕಿಕೊಂಡ ಕಾಂಡಗಳೂ ಕತ್ತಿಯ ಒಂದೇ ಏಟಿಗೆ ಸಿಡಿದು ಪ್ರಾಣ ತೆಗೆಯಬಲ್ಲವು. ಅವುಗಳನ್ನು ಕಡಿಯುವ ಕೆಲಸವನ್ನು ಅನುಭವಸ್ಥರ ಕೈಗೆ ಬಿಡುವುದೇ ಲೇಸು.

ಎರಡನೆಯ ಕೆಲಸ ದಾಖಲೆ. ಬಿದ್ದ ಮರಗಳನ್ನು ಕತ್ತರಿಸಿ ಸಾಗಿಸುವ ಮೊದಲೇ ಅವುಗಳನ್ನು ಎಣಿಸಿ, ಫಲ ಕೊಡುವ ಮರವೆಷ್ಟು, ಸಸಿಯೆಷ್ಟು, ಮೆಣಸಿನ ಬಳ್ಳಿಯೆಷ್ಟು ಎಂದು ಬರೆದಿಟ್ಟು, ಛಾಯಾಚಿತ್ರ ತೆಗೆದು, ಪಹಣಿಯೊಡನೆ ಗ್ರಾಮ ಆಡಳಿತಾಧಿಕಾರಿಗೂ ತೋಟಗಾರಿಕೆ ಇಲಾಖೆಗೂ ತಿಳಿಸಬೇಕು. ದುಃಖದ ದಿನದಲ್ಲಿ ಇದು ಒಣ ಕೆಲಸವೆನ್ನಿಸಬಹುದು. ಆದರೆ ಎಣಿಸದೆ ತೆರವು ಮಾಡಿದ ನಷ್ಟವು ಸರಕಾರದ ಕಣ್ಣಿಗೆ ಆಗದ ನಷ್ಟವೇ ಆಗಿಬಿಡುತ್ತದೆ.

ಮೂರನೆಯದು ಬಸಿಗಾಲುವೆ. ಬಿದ್ದ ಸೋಗೆ, ಗೊನೆ, ಮಣ್ಣುಗಳಿಂದ ಕಾಲುವೆ ಕಟ್ಟಿಕೊಂಡು ನೀರು ನಿಂತರೆ ಉಳಿದ ಮರಗಳ ಬೇರು ಕೊಳೆಯುತ್ತದೆ, ಮೆಣಸಿಗೆ ಸೊರಗು ರೋಗ ತಗಲುತ್ತದೆ. ಮರ ಸಾಗಿಸುವುದು ವಾರ ತಡವಾದರೂ ಚಿಂತೆಯಿಲ್ಲ. ನೀರಿಗೆ ದಾರಿ ಬಿಡುವುದು ತಡವಾಗಬಾರದು.

ಆ ಋತುವಿನ ಉಳಿತಾಯ

ಬಿದ್ದುದರಲ್ಲಿ ಉಳಿಸಿಕೊಳ್ಳತಕ್ಕದ್ದು ಎಷ್ಟೆಂಬುದು ಗಾಳಿ ಬಂದ ತಿಂಗಳನ್ನು ಅವಲಂಬಿಸಿದೆ. ಮೇ ತಿಂಗಳಲ್ಲಿ ಬಿದ್ದ ಮರದ ಗೊನೆಯಲ್ಲಿರುವುದು ಎಳೆಯ ಮಿಡಿ, ಅದರಿಂದ ಪ್ರಯೋಜನವಿಲ್ಲ. ಮಳೆಗಾಲದ ಉತ್ತರಾರ್ಧದಲ್ಲಿ ಬಿದ್ದರೆ, ಹಣ್ಣಾದ ಅಡಿಕೆಯನ್ನು ಒಣಗಿಸುವ ಚಾಲಿಗೆ ಅದು ಬಾರದಿದ್ದರೂ, ಹಸಿಯ ಅಡಿಕೆಯನ್ನು ಸುಲಿದು ಬೇಯಿಸಿ ಕೆಂಪಡಿಕೆ ಮಾಡುವ ಮಲೆನಾಡಿನ ಪದ್ಧತಿಯಿಂದ ಒಂದಷ್ಟನ್ನು ಉಳಿಸಿಕೊಳ್ಳಬಹುದು. ಬಲಿತ ಕಾಂಡವನ್ನು ಸೀಳಿ ದಬ್ಬೆ ಮಾಡಿದರೆ ಚಪ್ಪರಕ್ಕೂ ಅಟ್ಟಕ್ಕೂ ಬೇಲಿಗೂ ಒದಗುತ್ತದೆ; ಸೋಗೆ ಬುಡದ ಮುಚ್ಚಿಗೆಗೂ ಗೊಬ್ಬರಕ್ಕೂ ಸಲ್ಲುತ್ತದೆ.

ಕಾಳುಮೆಣಸಿನ ವಿಷಯದಲ್ಲಿ ಆಶೆಗೆ ಹೆಚ್ಚು ಎಡೆಯಿದೆ. ಆಸರೆಯ ಮರ ಬಿದ್ದರೂ ಬಳ್ಳಿಯ ಬೇರು ಕೀಳದೆ ಉಳಿದಿದ್ದರೆ, ಬಳ್ಳಿಯನ್ನು ಜಾಗರೂಕತೆಯಿಂದ ಬಿಡಿಸಿ, ಅದರ ಕೆಳಭಾಗವನ್ನು ಮಣ್ಣಿನಲ್ಲಿ ಹೂತು, ತುದಿಯನ್ನು ಹತ್ತಿರದ ಬೇರೊಂದು ಮರಕ್ಕೆ ಕಟ್ಟಿದರೆ ಹೂತ ಗೆಣ್ಣುಗಳಿಂದ ಬೇರು ಹೊರಟು ಬಳ್ಳಿ ಮತ್ತೆ ಏರುತ್ತದೆ. ಗಾಯಗೊಂಡ ಬಳ್ಳಿಗೂ ಅಡಿಕೆಯ ಗೊನೆಗೂ ಶೇಕಡಾ 1ರ ಬೋರ್ಡೋ ದ್ರಾವಣವೇ ರಕ್ಷೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬ ಆ ಪ್ರಮಾಣವು ಕೊಳೆರೋಗದ ನಾಡಿನಲ್ಲಿ ಬಾಲಕರಿಗೂ ಪರಿಚಿತ. ತೋಟದಂಚಿನ ತೆಂಗುಗಳು ಬಿದ್ದಿದ್ದರೆ ಅವುಗಳ ಕಾಂಡವನ್ನು ಅಲ್ಲೇ ಕೊಳೆಯಲು ಬಿಡಬಾರದು. ಕೊಳೆತ ಕಾಂಡದಲ್ಲಿ ಕುರುವಾಯಿ ದುಂಬಿ ಸಂತಾನ ಬೆಳೆಸುತ್ತದೆ, ಅದು ಕೊರೆದ ಗಾಯವನ್ನರಸಿ ಕೆಂಪು ಮೂತಿ ಹುಳು ಬರುತ್ತದೆ. 2018ರ ನವೆಂಬರಿನಲ್ಲಿ ಗಜ ಚಂಡಮಾರುತವು ತಮಿಳುನಾಡಿನ ಕಾವೇರಿ ಮುಖಜ ಪ್ರದೇಶದ ತೆಂಗಿನ ತೋಪುಗಳನ್ನು ಕೆಡವಿದಾಗ, ಬಿದ್ದ ಅಸಂಖ್ಯಾತ ಕಾಂಡಗಳನ್ನು ಸಾಗಿಸುವುದೇ ಅಲ್ಲಿನ ರೈತರಿಗೆ ದೊಡ್ಡ ಹೊರೆಯಾಯಿತು.

ಹೊಸ ತೋಟ, ಹಳೆಯ ವಿವೇಕ

ಮತ್ತೆ ನೆಡುವಾಗ ಬಿದ್ದ ತೋಟವನ್ನೇ ಯಥಾವತ್ತಾಗಿ ನಕಲು ಮಾಡಬೇಕೆಂಬ ನಿಯಮವಿಲ್ಲ. ಸಾಲುಗಳನ್ನು ಉತ್ತರ–ದಕ್ಷಿಣದ ರೇಖೆಯಿಂದ ಪಶ್ಚಿಮಕ್ಕೆ 35 ಡಿಗ್ರಿ ಓರೆಯಾಗಿಸಿ ನೆಟ್ಟರೆ ಒಂದು ಮರದ ನೆರಳು ಇನ್ನೊಂದರ ಕಾಂಡವನ್ನು ಕಾಯುತ್ತದೆಯೆಂದು ಸಂಶೋಧಕರು ಹೇಳುತ್ತಾರೆ. ಕಾಸರಗೋಡಿನಲ್ಲಿ ಕೇಂದ್ರವಿರುವ, ವಿಟ್ಲದಲ್ಲಿ ಅಡಿಕೆಯ ಸಂಶೋಧನೆ ನಡೆಸುವ ಕೇಂದ್ರೀಯ ತೋಟಪಟ್ಟಿ ಬೆಳೆಗಳ ಸಂಶೋಧನಾ ಸಂಸ್ಥೆಯು, ಹಿರೇಹಳ್ಳಿಯ ಕುಳ್ಳ ತಳಿಯನ್ನು ಸುಮಂಗಳ ಮತ್ತು ಮೋಹಿತ್‌ನಗರ ತಳಿಗಳೊಡನೆ ಸಂಕರಗೊಳಿಸಿ ಎರಡು ಗಿಡ್ಡ ತಳಿಗಳನ್ನು ಬಿಡುಗಡೆ ಮಾಡಿದೆ. ಮರ ಗಿಡ್ಡವಾದಷ್ಟೂ ಗಾಳಿಯ ಹೊಡೆತ ಕಡಿಮೆ. ಮರವೇರುವವನ ಅಪಾಯವೂ ಕಡಿಮೆ.

ಇದಕ್ಕಿಂತಲೂ ಹಳೆಯದಾದ ಒಂದು ವಿವೇಕವುಂಟು. ಮಲೆನಾಡಿನ ಪೂರ್ವಿಕರು ತೋಟಕ್ಕೆ ಆರಿಸಿಕೊಂಡದ್ದು ಎರಡು ಗುಡ್ಡಗಳ ನಡುವಿನ ಕಣಿವೆಯನ್ನು. ಸುತ್ತಲಿನ ಸೊಪ್ಪಿನ ಬೆಟ್ಟವು ಗೊಬ್ಬರಕ್ಕೆ ಸೊಪ್ಪನ್ನು ಕೊಟ್ಟುದಲ್ಲದೆ ಗಾಳಿಗೆ ಕೋಟೆಯಾಗಿಯೂ ನಿಂತಿತ್ತು. ಇಂದು ಅಡಿಕೆಯು ಕಣಿವೆಯನ್ನು ಬಿಟ್ಟು ಬಯಲಿನ ಗದ್ದೆಗಳಿಗೆ ಇಳಿದಿದೆ, ಬೆಟ್ಟಗಳು ಅನೇಕ ಕಡೆ ಬೋಳಾಗಿವೆ. ಬಯಲಿನಲ್ಲಿ ತೋಟ ಮಾಡುವವನು ಪಡುವಣ ಗಡಿಯಲ್ಲಿ ಮಾವು, ಹಲಸು, ಗಾಳಿಮರಗಳ ದಟ್ಟವಾದ ಸಾಲೊಂದನ್ನು ಬೆಳೆಸಿ ತಾನೇ ಒಂದು ಬೆಟ್ಟವನ್ನು ನಿರ್ಮಿಸಿಕೊಳ್ಳಬೇಕಾಗಿದೆ. ಆ ಸಾಲಿಗೆ ಹೋದ ಜಾಗವನ್ನು ನಷ್ಟವೆಂದೆಣಿಸುವುದು ದೂರದೃಷ್ಟಿಯ ಲಕ್ಷಣವಲ್ಲ.

ಪರಿಹಾರದ ಅಳತೆ

ಸರಕಾರದ ನೆರವಿನ ಲೆಕ್ಕವನ್ನು ನೋಡಿದರೆ ಮೊದಲು ಹೇಳಿದ ಕಾಲದ ಮಾತು ಮತ್ತಷ್ಟು ಸ್ಪಷ್ಟವಾಗುತ್ತದೆ. 2022ರಿಂದ 2026ರವರೆಗಿನ ಅವಧಿಗೆ ಕೇಂದ್ರವು ನಿಗದಿ ಮಾಡಿದ ವಿಪತ್ತು ಪರಿಹಾರದ ನಿಯಮಗಳಂತೆ, ಶೇಕಡಾ 33ಕ್ಕೆ ಕಡಿಮೆಯಿಲ್ಲದ ಹಾನಿಯಾದ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರುಗಳ ಮಿತಿಯೊಳಗೆ. ಹೆಕ್ಟೇರಿನ ಮರಗಳ ಸಂಖ್ಯೆಯಿಂದ ಭಾಗಿಸಿದರೆ ಮರವೊಂದಕ್ಕೆ ಬರುವುದು 16–17 ರೂಪಾಯಿ. ಹವಾಮಾನ ಆಧಾರಿತ ಬೆಳೆವಿಮೆಯುಂಟು. ಬೆಳೆಗಾರನು ವಿಮಾಮೊತ್ತದ ಶೇಕಡಾ 5ರಷ್ಟು ಕಂತು ಕಟ್ಟುತ್ತಾನೆ. ಆದರೆ ಅದು ಪಂಚಾಯಿತಿಯ ಮಳೆಮಾಪಕದಲ್ಲಿ ದಾಖಲಾದ ಹವಾಮಾನದ ಅಂಕಿಗಳನ್ನು ಆಧರಿಸಿ ನಡೆಯುವ ವ್ಯವಸ್ಥೆ. ಒಂದು ಕಣಿವೆಯೊಳಗೆ ಹೊಕ್ಕು ಒಂದೇ ತೋಟವನ್ನು ಕೆಡವಿ ಹೋದ ಗಾಳಿಯ ಗುರುತು ಆ ಮಾಪಕದಲ್ಲಿ ಉಳಿಯುವುದಿಲ್ಲ.

ಬಹುವಾರ್ಷಿಕ ಬೆಳೆಯ ಪರಿಹಾರವನ್ನು ಆ ವರ್ಷದ ಫಸಲಿನ ಮೇಲಲ್ಲದೆ, ಹೊಸ ಸಸಿಯು ಫಲಕ್ಕೆ ಬರುವವರೆಗಿನ ಬರಿದಾದ ವರ್ಷಗಳ ಮೇಲೆ ಅಳೆಯಬೇಕೆಂಬುದು ನ್ಯಾಯವಾದ ಬೇಡಿಕೆ. ಸಾಲದ ಕಂತುಗಳನ್ನೂ ಅದೇ ಅಳತೆಯಲ್ಲಿ ಮುಂದೂಡಬೇಕು. ಉತ್ತಮ ಸಸಿಗಳನ್ನು ಒದಗಿಸುವ ಹೊಣೆಯನ್ನು ಇಲಾಖೆಗಳು ಹೊರಬೇಕು.

ಅಲ್ಲಿಯವರೆಗೆ ಬೆಳೆಗಾರನಿಗೆ ನಿಜವಾದ ಆಸರೆ ನೆರೆಹೊರೆ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೋಗಿ, ಅವರ ಕೆಲಸಕ್ಕೆ ಇವರು ಬರುವ ಮುಯ್ಯಾಳಿನ ಪದ್ಧತಿ ಕ್ಷೀಣಿಸಿದೆಯಾದರೂ ಅಳಿದಿಲ್ಲ. ಕೂಲಿಯಾಳು ಸಿಗದ ಈ ದಿನಗಳಲ್ಲಿ ಊರಿನ ಹತ್ತು ಮನೆಯವರು ಸರದಿಯಂತೆ ಒಂದೊಂದು ತೋಟಕ್ಕೆ ಸೇರಿದರೆ, ಒಂಟಿ ಸಂಸಾರವು ತಿಂಗಳುಗಟ್ಟಲೆ ಹೆಣಗಿದರೂ ತೀರದ ತೆರವಿನ ಕೆಲಸ ಕೆಲವೇ ದಿನಗಳಲ್ಲಿ ತೀರುತ್ತದೆ. ಕುಸಿದ ಮನಸ್ಸಿಗೂ ಬಲ ಬರುತ್ತದೆ. ತೆರವಾದ ಜಾಗದಲ್ಲಿ ಆ ವರ್ಷವೇ ಸಸಿ ನೆಡಬೇಕು. ಕಳೆದುಕೊಂಡದ್ದು ಕಾಲವಾದ್ದರಿಂದ, ನೆಡುವುದನ್ನು ಮುಂದಿನ ವರ್ಷಕ್ಕೆ ಹಾಕಿದವನು ಗಾಳಿ ಕೊಂಡೊಯ್ದ ವರ್ಷಗಳಿಗೆ ತನ್ನದೊಂದನ್ನು ತಾನೇ ಸೇರಿಸಿ ಕೊಡುತ್ತಾನೆ.