ನಲ್ಲಿ ನೀರಿಗೆ ಯಾರು ಹೊಣೆ?

ಕೊಳ್ಳೇಗಾಲ, ಹನೂರು, ಯಳಂದೂರು. ಮೂರೂ ಈಗ ಚಾಮರಾಜನಗರ ಜಿಲ್ಲೆಯ ತಾಲ್ಲೂಕುಗಳು. ಆದರೆ 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ, ಹನೂರು ಇದ್ದದ್ದು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿ. ಪಕ್ಕದ ಯಳಂದೂರು ಮೈಸೂರು ಸೀಮೆ. ಹಾಗಾಗಿ ಕೊಳ್ಳೇಗಾಲದ ಕಡೆ ಕುಡಿಯುವ ನೀರು, ಚರಂಡಿಯ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಹೆಗಲಿಗೆ ಹೊರಿಸಿದ್ದು 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯ್ದೆ.

ಇವತ್ತು ಯಾರನ್ನು ಕೇಳಬೇಕು? ಕೊಳ್ಳೇಗಾಲದಲ್ಲಿ ನಗರಸಭೆ. ಹನೂರು, ಯಳಂದೂರಿನಲ್ಲಿ ಪಟ್ಟಣ ಪಂಚಾಯಿತಿ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ. ಕಾರ್ಖಾನೆಯ ಹೊಗೆ, ಕೊಳೆನೀರು ಅಂದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅದರ ಕೈಯಲ್ಲಿ 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ ಇವೆ. ಊರಿನ ಚರಂಡಿ ನೀರನ್ನು ಶುದ್ಧೀಕರಿಸದೆ ಸುವರ್ಣಾವತಿಗೋ ಕಾವೇರಿಗೋ ಬಿಟ್ಟರೆ ಸ್ಥಳೀಯ ಸಂಸ್ಥೆಯೂ ಅದೇ ಜಲ ಕಾಯ್ದೆಗೆ ಉತ್ತರ ಕೊಡಬೇಕು.

ನನಗೆ ಹೆಚ್ಚು ಆತಂಕ ಇರುವುದು ಮಣ್ಣಿನಡಿಯ ಪೈಪಿನ ಬಗ್ಗೆ. ನೀರು ಬಿಟ್ಟು ಬಿಟ್ಟು ಬರುವ ಕಡೆ, ಸರಬರಾಜು ನಿಂತಾಗ ಪೈಪಿನ ಒಳಗೆ ಒತ್ತಡ ಇಳಿಯುತ್ತದೆ. ಪೈಪು ಒಡೆದಿದ್ದು, ಪಕ್ಕದಲ್ಲೇ ಚರಂಡಿ ಇದ್ದರೆ ಕೊಳೆ ಒಳಕ್ಕೆ ಸೇರಿಕೊಳ್ಳುತ್ತದೆ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ನೀರು ತಿಳಿಯಾಗಿ ಕಂಡಿತೆಂದು ನಂಬಬೇಡಿ. ನಲ್ಲಿ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. 100 ಮಿಲಿಲೀಟರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಒಂದೂ ಇರಬಾರದು. ಬ್ಯಾಕ್ಟೀರಿಯಾ ಪರೀಕ್ಷೆಯ ಪುಟ್ಟ ಬಾಟಲಿಯಲ್ಲಿ ತುಂಬಿಟ್ಟ ನೀರು ಒಂದೆರಡು ದಿನದಲ್ಲಿ ಕಪ್ಪಾಯಿತೋ, ಆ ನಲ್ಲಿಯ ನೀರನ್ನು ಕುಡಿಯಬೇಡಿ. ಗ್ರಾಮ ಪಂಚಾಯಿತಿಗಳಿಗೆ ಜಲ ಜೀವನ್ ಮಿಷನ್ ಅಡಿ ಪರೀಕ್ಷಾ ಕಿಟ್ ಕೊಡಲಾಗುತ್ತದೆ. ನಿಮ್ಮ ಬೀದಿಯ ನೀರನ್ನು ಕಡೆಯ ಬಾರಿ ಯಾವಾಗ ಪರೀಕ್ಷಿಸಿದರು ಎಂದು ಅರ್ಜಿ ಬರೆದು ಕೇಳಿ, ಸ್ವೀಕೃತಿ ಪಡೆಯಿರಿ.