ನಾಸ್ತಿಕನ ಅನುಭವ ಮತ್ತು ಆಸ್ತಿಕನ ಸಂವಾದ

ಆಸ್ತಿಕ, ನಾಸ್ತಿಕ ಎಂಬ ಶಬ್ದಗಳನ್ನು ನಾವು ನಿತ್ಯವೂ ಬಳಸುತ್ತೇವೆಯಾದರೂ ಅವುಗಳ ಅರ್ಥವ್ಯಾಪ್ತಿಯನ್ನು ಕುರಿತು ಆಲೋಚಿಸುವುದು ವಿರಳ. ಪಾಣಿನಿಯ ವ್ಯಾಕರಣದಂತೆ 'ಇದೆ' ಎಂಬ ಮತಿಯುಳ್ಳವನು ಆಸ್ತಿಕ, 'ಇಲ್ಲ' ಎಂಬ ಮತಿಯುಳ್ಳವನು ನಾಸ್ತಿಕ. ಏನು ಇದೆ ಅಥವಾ ಇಲ್ಲ ಎಂಬ ಪ್ರಶ್ನೆಗೆ ವ್ಯಾಖ್ಯಾನಕಾರರು ಪರಲೋಕವೆಂದು ಉತ್ತರಿಸಿದರು. ಮನುಸ್ಮೃತಿಯಾದರೋ ವೇದವನ್ನು ನಿಂದಿಸುವವನನ್ನೇ ನಾಸ್ತಿಕನೆಂದು ಕರೆಯಿತು. ಈ ಅಳತೆಯಿಂದ ಜೈನರೂ ಬೌದ್ಧರೂ ನಾಸ್ತಿಕರಾದರು. ಆದರೆ ಸೃಷ್ಟಿಕರ್ತನಾದ ಈಶ್ವರನನ್ನು ಅಂಗೀಕರಿಸದ ಪ್ರಾಚೀನ ಸಾಂಖ್ಯರೂ ಪೂರ್ವಮೀಮಾಂಸಕರೂ ಆಸ್ತಿಕರಾಗಿಯೇ ಉಳಿದರು. ವೇದವನ್ನು ಅಂತಿಮ ಪ್ರಮಾಣವೆಂದು ಒಪ್ಪದ ನಮ್ಮ ಶರಣರಲ್ಲಿ ಅನೇಕರು ಇದೇ ಅಳತೆಯಿಂದ ಯಾವ ಪಂಕ್ತಿಯಲ್ಲಿ ಕುಳಿತುಕೊಳ್ಳಬೇಕಾಗುತ್ತಿತ್ತೆಂಬುದನ್ನು ವಾಚಕರು ಊಹಿಸಬಹುದು. ದೇವರಿಲ್ಲವೆನ್ನುವವನು ನಾಸ್ತಿಕ ಎಂಬುದು ಇಂದಿನ ರೂಢಿಯ ಅರ್ಥ. ಆದಕಾರಣ ಒಬ್ಬನನ್ನು ನಾಸ್ತಿಕನೆಂದು ಕರೆಯುವ ಮುನ್ನ, ಅವನು ಯಾವುದನ್ನು ಇಲ್ಲವೆನ್ನುತ್ತಾನೆಂಬುದನ್ನು ಅವನಿಂದಲೇ ಕೇಳಿ ತಿಳಿಯುವುದು ಸಂವಾದದ ಮೊದಲ ಮೆಟ್ಟಿಲು.

ಎದುರಾಳಿಯ ಮಾತನ್ನು ಮೊದಲು ಕೇಳುವ ಪದ್ಧತಿ ನಮ್ಮ ದೇಶಕ್ಕೆ ಹೊಸದಲ್ಲ. ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವನ್ನು ಸಮರ್ಥವಾಗಿ ಮಂಡಿಸಿದ ಮೇಲೆಯೇ ಸಿದ್ಧಾಂತ. ವಿಜಯನಗರದ ಕಾಲದಲ್ಲಿ, ಹದಿನಾಲ್ಕನೆಯ ಶತಮಾನದಲ್ಲಿ ರಚಿತವಾದ ಸರ್ವದರ್ಶನಸಂಗ್ರಹದ ಮೊದಲನೆಯ ಅಧ್ಯಾಯವೇ ಚಾರ್ವಾಕದರ್ಶನ. ಆದರೆ ಈ ಪದ್ಧತಿಗೂ ಒಂದು ಮಿತಿಯುಂಟು. ಚಾರ್ವಾಕರ ಸ್ವಂತ ಗ್ರಂಥಗಳು ಬಹುಮಟ್ಟಿಗೆ ನಷ್ಟವಾಗಿವೆ. ಅವರನ್ನು ನಾವು ಬಲ್ಲುದು ಅವರನ್ನು ಖಂಡಿಸಿದವರ ಬರಹಗಳಿಂದ. ಅವರ ವಾದವೇನೋ ಹೀಗೆ ಉಳಿದುಬಂದಿತು. ಆದರೆ ಆ ವಾದಕ್ಕೆ ಅವರನ್ನು ತಂದ ಬಾಳು ಎಂಥದು, ಅದರಿಂದ ಅವರು ಕಳೆದುಕೊಂಡುದೇನು, ಪಡೆದುದೇನು ಎಂಬುದು ನಮಗೆ ತಿಳಿಯದೆ ಹೋಯಿತು. ನಮ್ಮ ಕಾಲದ ನಾಸ್ತಿಕರ ವಿಷಯದಲ್ಲಾದರೂ ಈ ಲೋಪ ಆಗಬಾರದು.

ಈ ಮಾತನ್ನು ಸ್ಪಷ್ಟಪಡಿಸಲು ಮಂಗಳೂರಿನ ಬೆಂಗ್ರೆಯನ್ನು ನೆನೆಯೋಣ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಗುರುಪುರ ನದಿ. ಇವೆರಡರ ನಡುವಣ ಮರಳಿನ ನಾಲಗೆಯಂತಿರುವ ಈ ನೆಲದಲ್ಲಿ ಮೊಗವೀರರೂ ಬ್ಯಾರಿ ಮುಸಲ್ಮಾನರೂ ಕಡಲನ್ನು ನಂಬಿ ಬಾಳುತ್ತಾರೆ. ಹೊಳೆಯ ಆಚೆ ದಡದಲ್ಲಿ ಮಂಗಳೂರಿನ ಹಳೆಯ ಬಂದರು. ಇಲ್ಲಿ ಭಜನಾ ಮಂದಿರವೂ ಮಸೀದಿಯೂ ಜೀವನದ ಅಂಗಗಳೇ ಆಗಿವೆ. ಕಡಲಿಗಿಳಿಯುವವನ ಮನೆಯಲ್ಲಿ ಪ್ರಾರ್ಥನೆಯೆಂಬುದು ಆತ ಮರಳುವವರೆಗೆ ಕಾಯುವ ರೀತಿ. 2020ರ ನವೆಂಬರ್ ಕೊನೆಯಲ್ಲಿ ಮಂಗಳೂರಿನ ಕಡಲಲ್ಲಿ ಮೀನುಗಾರಿಕೆಯ ದೋಣಿಯೊಂದು ಮಗುಚಿ ಆರು ಮಂದಿ ಸತ್ತರು. ಉಳಿದವರು ಬದುಕಿ ದಡ ಸೇರಿದರು. ಸತ್ತವರು ಈ ಬೆಂಗ್ರೆ, ಬೊಕ್ಕಪಟ್ಣಗಳ ಕಡೆಯವರು. ಅವರಲ್ಲಿ ಹಿಂದೂಗಳೂ ಇದ್ದರು, ಮುಸಲ್ಮಾನರೂ ಇದ್ದರು.

ಇಂಥ ದುರಂತದ ಮುಂದೆ ಎರಡು ಮಾತುಗಳು ಹುಟ್ಟುವುದು ಸಹಜ. ಬದುಕಿ ಬಂದವನನ್ನು ದೇವರು ಕಾಪಾಡಿದನೆಂಬುದು ಒಂದು. ಹಾಗಾದರೆ ಆ ಆರು ಮಂದಿಯ ಮನೆಯವರು ಮಾಡಿದ ಪ್ರಾರ್ಥನೆ ಏನಾಯಿತೆಂಬುದು ಇನ್ನೊಂದು. ಮೊದಲನೆಯದು ಕೃತಜ್ಞತೆಯಿಂದ ಬಂದ ಮಾತು. ಎರಡನೆಯದು ನೋವಿನಿಂದ ಬಂದದ್ದು, ದುರಹಂಕಾರದಿಂದ ಬಂದದ್ದಲ್ಲ. ಇವೆರಡೂ ಒಂದೇ ಕೇರಿಯಲ್ಲಿ, ಒಮ್ಮೊಮ್ಮೆ ಒಂದೇ ಮನಸ್ಸಿನಲ್ಲಿ ಹುಟ್ಟಬಲ್ಲವು. ಎರಡನೆಯದನ್ನು ಕೇಳಿದೊಡನೆ 'ನಾಸ್ತಿಕ' ಎಂದು ಬಾಯಿ ಮುಚ್ಚಿಸಿದರೆ ಪ್ರಶ್ನೆ ಸಾಯುವುದಿಲ್ಲ. ಕೇಳಿದವನು ಮಾತ್ರ ಒಂಟಿಯಾಗುತ್ತಾನೆ.

ನಾಸ್ತಿಕರು ತಮ್ಮ ನಿಲವಿಗೆ ಬಂದ ದಾರಿಗಳನ್ನು ಅವರ ಮಾತಿನಲ್ಲೇ ಪರಾಮರ್ಶಿಸಿದಾಗ ಅವು ಒಂದೇ ತೆರನಾಗಿಲ್ಲವೆಂಬುದು ಗೋಚರವಾಗುತ್ತದೆ. ಲೋಕದ ದುಃಖವನ್ನೂ ದಯಾಮಯನಾದ ಸರ್ವಶಕ್ತನನ್ನೂ ಹೊಂದಿಸಲಾರದೆ ನಂಬಿಕೆಯನ್ನು ಬಿಟ್ಟವರುಂಟು. ಕನ್ನಡದ ಹಿರಿಯ ಪ್ರಬಂಧಕಾರರಾದ ಎ. ಎನ್. ಮೂರ್ತಿರಾಯರು 1991ರಲ್ಲಿ ಪ್ರಕಟಿಸಿದ 'ದೇವರು' ಎಂಬ ಗ್ರಂಥದಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. 1900ರಲ್ಲಿ ಹುಟ್ಟಿದ ಅವರಿಗೆ ಆಗ ತೊಂಬತ್ತು ದಾಟಿತ್ತು. ಮುಪ್ಪಿನಲ್ಲಿ, ಸಾವು ಸಮೀಪಿಸಿದಾಗ ನಾಸ್ತಿಕನೂ ದೇವರ ಕಡೆಗೆ ತಿರುಗುವನೆಂಬ ಸಾಮಾನ್ಯ ನಂಬುಗೆಗೆ ಈ ಒಂದು ಸಂಗತಿಯೇ ಸಾಕಷ್ಟು ಸಮಾಧಾನ ಹೇಳುತ್ತದೆ.

ವಿಚಾರದ ದಾರಿಯಿಂದ ಬಂದವರು ಬೇರೆ. ದಕ್ಷಿಣ ಕನ್ನಡದ ಬದುಕನ್ನು ಬರೆದ ಶಿವರಾಮ ಕಾರಂತರು ಕಾಣದುದನ್ನು ಕಂಡಂತೆ ಹೇಳಲು ಒಪ್ಪಲಿಲ್ಲ. 1968ರಲ್ಲಿ ಪ್ರಕಟವಾದ, 1977ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರವಾದ 'ಮೂಕಜ್ಜಿಯ ಕನಸುಗಳು' ಕಾದಂಬರಿಯನ್ನು ಅವರು ಅಜ್ಜಿ ಮೊಮ್ಮಕ್ಕಳ ಸಂವಾದವಾಗಿ ಕಟ್ಟಿದರು. ಅಲ್ಲಿ ದೇವರುಗಳ ಹುಟ್ಟು, ಬೆಳವಣಿಗೆಗಳನ್ನು ಕುರಿತು ನಿರ್ಭೀತಿಯಿಂದ ಮಾತನಾಡುವವಳು ಕಾಲೇಜು ಕಲಿತ ತರುಣನಲ್ಲ, ಹಳ್ಳಿಯ ವೃದ್ಧೆ. ಸಂಶಯವು ಹೊರನಾಡಿನ ವಿದ್ಯೆಯಿಂದ ಮಾತ್ರ ಬರುತ್ತದೆಂಬ ಭಾವನೆಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ಮರುವಿಮರ್ಶೆಗೆ ಒಳಪಡಿಸಬಹುದು. ಮಂಗಳೂರಿನಲ್ಲಿಯೇ 1976ರಲ್ಲಿ ದಕ್ಷಿಣ ಕನ್ನಡ ವಿಚಾರವಾದಿ ಸಂಘವು ಹುಟ್ಟಿತು. ಜೀವರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ನರೇಂದ್ರ ನಾಯಕರು ಪವಾಡಗಳೆನಿಸಿಕೊಂಡವುಗಳ ಹಿಂದಿನ ಕೈಚಳಕವನ್ನು ಜನರೆದುರು ಮಾಡಿ ತೋರಿಸುವ ಕಾರ್ಯವನ್ನು ಕೈಗೊಂಡರು. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗಾಗಿ ಸಮಿತಿಯೊಂದನ್ನು ರಚಿಸಿದರು. ಗಾಂಧೀವಾದಿಗಳೂ ಅವಿವಾಹಿತರೂ ಆಗಿದ್ದ ನರಸಿಂಹಯ್ಯನವರು ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಸರಳವಾಗಿ ಬಾಳಿದವರು. ಪ್ರಶ್ನಿಸುವವನಿಗೆ ನಿಯಮವಿಲ್ಲ, ಸಂಯಮವಿಲ್ಲ ಎಂಬ ಆರೋಪ ಅವರ ಬಾಳಿನೆದುರು ನಿಲ್ಲಲಾರದು.

ಅಹಂಕಾರದ ಆರೋಪವಂತೂ ಹಳೆಯದು. ಭಗತ್ ಸಿಂಗರು 1930ರಲ್ಲಿ ಲಾಹೋರಿನ ಸೆರೆಮನೆಯಲ್ಲಿದ್ದು ತಾವು ಏಕೆ ನಾಸ್ತಿಕರೆಂಬುದನ್ನು ಬರೆದಾಗ, ಮೊದಲು ಎತ್ತಿಕೊಂಡುದು ಇದನ್ನೇ. ಕೀರ್ತಿಯ ಮದದಿಂದ ಅವರು ದೇವರನ್ನು ಅಲ್ಲಗಳೆಯುತ್ತಾರೆಂದು ಸ್ನೇಹಿತರು ಭಾವಿಸಿದ್ದರು. ತಾವು ಆರ್ಯಸಮಾಜದ ಮನೆತನದಲ್ಲಿ ಬೆಳೆದು, ಬಾಲ್ಯದಲ್ಲಿ ನಿತ್ಯ ಪ್ರಾರ್ಥನೆ ಮಾಡುತ್ತಿದ್ದುದನ್ನೂ, ಪ್ರಸಿದ್ಧಿ ಬರುವುದಕ್ಕೆ ಬಹಳ ಮೊದಲೇ ಈ ನಿಲವಿಗೆ ಬಂದುದನ್ನೂ ಅವರು ವಿವರಿಸಿದರು. ಮರಣದಂಡನೆಯ ಎದುರಿನಲ್ಲಿ ನಂಬಿಕೆ ಎಷ್ಟು ಸಾಂತ್ವನ ಕೊಡಬಲ್ಲುದೆಂಬುದನ್ನು ಅವರು ಬಲ್ಲವರಾಗಿಯೇ ಆ ಸಾಂತ್ವನವನ್ನು ಬಿಟ್ಟುಕೊಟ್ಟಿದ್ದರು. ಆಸ್ತಿಕನು ಇದನ್ನು ಒಪ್ಪಬೇಕಾಗಿಲ್ಲ. ಆದರೆ ಇದನ್ನು ಅಗ್ಗದ ನಿಲವೆಂದು ಕರೆಯುವಂತಿಲ್ಲ.

ಮೂರನೆಯದು ಜಾತಿಯ ಕ್ರೌರ್ಯವನ್ನು ಕಂಡು ಹೇಸಿ ಬಂದವರ ದಾರಿ. ಆಂಧ್ರದ ಗೋಪರಾಜು ರಾಮಚಂದ್ರರಾಯರು, ಜನರ ಬಾಯಿಯಲ್ಲಿ ಗೋರಾ, ಇದಕ್ಕೆ ನಿದರ್ಶನ. ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಅವರು ನಾಸ್ತಿಕ ವಿಚಾರಗಳಿಗಾಗಿ 1933ರಲ್ಲಿ ಕಾಕಿನಾಡದ ಕಾಲೇಜಿನ ಹುದ್ದೆಯನ್ನು ಕಳೆದುಕೊಂಡರು. 1940ರಲ್ಲಿ ಪತ್ನಿ ಸರಸ್ವತಿಯವರೊಡನೆ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರವನ್ನು ಸ್ಥಾಪಿಸಿ ಅಸ್ಪೃಶ್ಯತಾನಿವಾರಣೆಗೆ ತೊಡಗಿದರು. ದೇವರ ಹೆಸರಿನಲ್ಲಿ ಉಳಿದಿರುವ ಮೇಲುಕೀಳುಗಳು ದೇವರ ಹೆಸರು ಅಳಿದ ಹೊರತು ಅಳಿಯವೆಂಬುದು ಅವರ ಮತ. ಪರಮ ಆಸ್ತಿಕರಾದ ಗಾಂಧೀಜಿ ಅವರನ್ನು ಸೇವಾಗ್ರಾಮಕ್ಕೆ ಬರಮಾಡಿಕೊಂಡು 1944ರಿಂದ ಹಲವು ಸಲ ಅವರೊಡನೆ ಮಾತನಾಡಿದರು. ಈ ಮಾತುಕತೆಗಳ ವೃತ್ತಾಂತ 1951ರಲ್ಲಿ ನವಜೀವನ ಪ್ರಕಾಶನದಿಂದ ಪುಸ್ತಕವಾಗಿ ಬಂದಿತು. ಅದಕ್ಕೆ ಮುನ್ನುಡಿ ಬರೆದ ಕಿಶೋರಲಾಲ ಮಶ್ರುವಾಲರೂ ಗಾಂಧೀಜಿಯ ಅನುಯಾಯಿಗಳೇ.

ಈ ಸಂವಾದದಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಒಂದು, ಗಾಂಧೀಜಿ ವಾದದಲ್ಲಿ ಗೆಲ್ಲಲು ಆತುರಪಡಲಿಲ್ಲ. ಗೋರಾ ಏನು ನಂಬುತ್ತಾರೆನ್ನುವುದಕ್ಕಿಂತ ಏನು ಮಾಡುತ್ತಾರೆ, ಹಳ್ಳಿಯ ಜನರ ನಡುವೆ ಹೇಗೆ ಬಾಳುತ್ತಾರೆ ಎಂಬುದನ್ನು ಅವರು ವಿಚಾರಿಸಿದರು. ಎರಡು, ಅವರ ಸಂವಾದ ಕಾರ್ಯರೂಪಕ್ಕೆ ಇಳಿಯಿತು. ಗೋರಾ ತಮ್ಮ ಮಗಳನ್ನು ಅಸ್ಪೃಶ್ಯರೆನಿಸಿದ ಕುಲದ ತರುಣನಿಗೆ ಕೊಟ್ಟು ವಿವಾಹ ಮಾಡಲು ನಿಶ್ಚಯಿಸಿದಾಗ ಗಾಂಧೀಜಿ ಅದನ್ನು ಸೇವಾಗ್ರಾಮದಲ್ಲಿ ನಡೆಸಲು ಒಪ್ಪಿ, ವಿಧಿಯಲ್ಲಿ ದೇವರ ಹೆಸರನ್ನು ಬಿಟ್ಟು ಸತ್ಯದ ಹೆಸರನ್ನು ಬಳಸಲು ಸಮ್ಮತಿಸಿದರು. ಗಾಂಧೀಜಿ ಹತರಾದ ಬಳಿಕ 1948ರಲ್ಲಿ ಆ ವಿವಾಹ ಅಲ್ಲಿಯೇ ನೆರವೇರಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಧುವರಸ, ಹರಳಯ್ಯರ ಮಕ್ಕಳ ವಿವಾಹದ ಪರಿಣಾಮ ಏನಾಯಿತೆಂದು ಪರಂಪರೆಯಿಂದ ಬಲ್ಲ ನಮ್ಮ ವಾಚಕರಿಗೆ ಇದರ ತೂಕವನ್ನು ವಿವರಿಸಬೇಕಾಗಿಲ್ಲ. ಭಕ್ತಿಯಿಂದ ಹೊರಟ ಶರಣರೂ ನಿರೀಶ್ವರವಾದದಿಂದ ಹೊರಟ ಗೋರಾ ಅವರೂ ಒಂದೇ ಬಾಗಿಲನ್ನು ತಟ್ಟಿದರು. ಗಾಂಧೀಜಿಯಾದರೋ 1931ರಲ್ಲೇ, ದೇವರು ಸತ್ಯನೆಂಬ ತಮ್ಮ ಮಾತನ್ನು ತಿರುಗಿಸಿ ಸತ್ಯವೇ ದೇವರೆಂದು ಹೇಳಲು ತೊಡಗಿದ್ದರು. ನಾಸ್ತಿಕನೂ ಸತ್ಯವನ್ನು ಅಲ್ಲಗಳೆಯಲಾರನೆಂಬುದು ಇದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಒಂದು.

ವ್ಯಕ್ತಿವ್ಯಕ್ತಿಗಳ ನಡುವಿನ ಮಾತಿನಂತೆ ರಾಷ್ಟ್ರದ ಸಭೆಯಲ್ಲಿಯೂ ಈ ಪ್ರಶ್ನೆ ಒಮ್ಮೆ ಎದ್ದಿತು. ಎತ್ತಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತರು. 1949ರ ಅಕ್ಟೋಬರ್ 17ರಂದು ಸಂವಿಧಾನಸಭೆಯಲ್ಲಿ ಪ್ರಸ್ತಾವನೆಯನ್ನು ದೇವರ ಹೆಸರಿನಿಂದ ಆರಂಭಿಸಬೇಕೆಂದು ಅವರು ತಿದ್ದುಪಡಿ ತಂದರು. ಅದನ್ನು ವಿರೋಧಿಸಿದವರೆಲ್ಲರೂ ನಾಸ್ತಿಕರಲ್ಲ. ತಾವು ನಂಬಿಕೆಯುಳ್ಳವರಾದರೂ ಇತರರನ್ನು ಬಲಾತ್ಕರಿಸಬಾರದೆಂದು ತಿರುವಾಂಕೂರಿನ ಪಟ್ಟಂ ತಾಣು ಪಿಳ್ಳೆಯವರು ವಾದಿಸಿದರು. ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಸಾರುವ ಪ್ರಸ್ತಾವನೆಗೆ ಇದು ಹೊಂದದೆಂದು ಹೃದಯನಾಥ ಕುಂಜ್ರು ಹೇಳಿದರು. ದೇವರ ವಿಷಯವನ್ನು ಮತಕ್ಕೆ ಹಾಕಬೇಡಿರೆಂದು ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರು. ಆದರೂ ಮತವೆಣಿಕೆ ನಡೆದು 41ಕ್ಕೆ ಎದುರಾಗಿ 68 ಮತಗಳಿಂದ ತಿದ್ದುಪಡಿ ಬಿದ್ದುಹೋಯಿತು. ಇತ್ತ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡುವ ಕ್ರಮವೂ ದೇವರ ಹೆಸರಿಲ್ಲದೆ ದೃಢೀಕರಿಸುವ ಕ್ರಮವೂ ಒಟ್ಟಿಗೆ ಉಳಿದವು. ಭಕ್ತನಿಗೆ ಅವನ ಮಾತು, ನಾಸ್ತಿಕನಿಗೆ ಅವನ ಮಾತು. ಕರ್ತವ್ಯ ಮಾತ್ರ ಇಬ್ಬರಿಗೂ ಒಂದೇ.

ಕಾನೂನು ಕೊಟ್ಟ ಈ ಸ್ಥಾನವನ್ನು ಸಮಾಜವು ಯಾವಾಗಲೂ ಕೊಟ್ಟಿಲ್ಲ. 2011ರ ಜನಗಣತಿಯಲ್ಲಿ ಸುಮಾರು 28.67 ಲಕ್ಷ ಜನ ತಮ್ಮ ಧರ್ಮವನ್ನು ತಿಳಿಸಲಿಲ್ಲ. ಅವರೆಲ್ಲರೂ ನಾಸ್ತಿಕರೆನ್ನಲಾಗದು, ಆದರೆ ನಾಸ್ತಿಕರಾಗಿದ್ದೂ ಮನೆಯವರ ನೋವಿಗಂಜಿ, ನಂಟುತನದ ಭಯದಿಂದ ಮೌನವಾಗಿರುವವರು ಎಲ್ಲ ಮತಗಳಲ್ಲಿಯೂ ಉಂಟು. 2017ರ ಮಾರ್ಚ್ 16ರಂದು ಕೊಯಮತ್ತೂರಿನಲ್ಲಿ ಎಚ್. ಫಾರೂಕ್ ಎಂಬ ತರುಣ ಕೊಲೆಯಾದುದು ತನ್ನ ನಾಸ್ತಿಕ ವಿಚಾರಗಳನ್ನು ಬಹಿರಂಗವಾಗಿ ಹೇಳಿದುದಕ್ಕಾಗಿ. ವಚನಸಾಹಿತ್ಯಕ್ಕೆ ಬಾಳನ್ನೇ ಮುಡಿಪಾಗಿಟ್ಟ ವಿದ್ವಾಂಸ ಎಂ. ಎಂ. ಕಲಬುರ್ಗಿಯವರು ನಾಸ್ತಿಕರೆಂದು ಹೆಸರಾದವರಲ್ಲ. ಆದರೂ 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ಗುಂಡಿಗೆ ಬಲಿಯಾದರು. ನಾಸ್ತಿಕನ ಮಾತಿಗೆ ಎಡೆಯಿಲ್ಲದ ಕಡೆ ಶೋಧಕನಾದ ಆಸ್ತಿಕನ ಮಾತಿಗೂ ಬಹುಕಾಲ ಎಡೆಯಿರುವುದಿಲ್ಲ.

ಹಾಗಾದರೆ ಸಂವಾದ ನಡೆಯಬೇಕಾದುದು ಹೇಗೆ? ಮೊದಲನೆಯದಾಗಿ, ಅನುಭವವನ್ನೂ ವಾದವನ್ನೂ ಬೇರ್ಪಡಿಸಿ ಕೇಳಬೇಕು. 'ನನಗೆ ಹೀಗಾಯಿತು' ಎನ್ನುವವನಿಗೆ ಶ್ಲೋಕ, ಯುಕ್ತಿಗಳಿಂದ ಉತ್ತರಿಸುವುದು ಅಪ್ರಸ್ತುತ. ಎರಡನೆಯದಾಗಿ, ಕೇಳುವುದಕ್ಕೆ ಮೊದಲೇ ಕಾರಣವನ್ನು ಆರೋಪಿಸಬಾರದು. ನಾಸ್ತಿಕನದೆಲ್ಲ ಗರ್ವವೆಂದು ಆಸ್ತಿಕನೂ, ಆಸ್ತಿಕನದೆಲ್ಲ ಭಯವೆಂದು ನಾಸ್ತಿಕನೂ ನಿರ್ಣಯಿಸಿದಲ್ಲಿ ಇಬ್ಬರೂ ತಮ್ಮ ಕಲ್ಪನೆಯೊಡನೆ ಮಾತ್ರ ಮಾತನಾಡಿದಂತಾಗುತ್ತದೆ. ಬೆಂಗ್ರೆಯ ಮೀನುಗಾರನ ಭಜನೆಯನ್ನು ಅಜ್ಞಾನವೆಂದು ತಳ್ಳಿಹಾಕುವ ವಿಚಾರವಾದಿಗೂ ಈ ಮಾತು ಸಲ್ಲುತ್ತದೆ. ಆ ಭಜನೆಯಲ್ಲಿ ನೆರೆಹೊರೆಯ ಆಸರೆಯಿದೆ, ಸತ್ತವರ ನೆನಪಿದೆ. ಮೂರನೆಯದಾಗಿ, ನಡತೆಯನ್ನು ನಂಬಿಕೆಯಿಂದ ಊಹಿಸದೆ ನಡತೆಯಿಂದಲೇ ಅಳೆಯಬೇಕು. ನಾಲ್ಕನೆಯದಾಗಿ, ಸಂವಾದದ ಕೊನೆಗೆ ಒಬ್ಬನು ಇನ್ನೊಬ್ಬನಂತಾಗಬೇಕೆಂಬ ನಿಬಂಧನೆ ಇರಬಾರದು. ಗಾಂಧೀಜಿ ಆಸ್ತಿಕರಾಗಿಯೇ ತೀರಿಕೊಂಡರು, ಗೋರಾ 1975ರವರೆಗೆ ನಾಸ್ತಿಕರಾಗಿಯೇ ಬಾಳಿದರು. ಅವರ ಸಂವಾದ ವಿಫಲವಾಯಿತೆಂದು ಯಾರೂ ಹೇಳಲಾರರು.

ಶೂನ್ಯಸಂಪಾದನೆಯನ್ನು ಓದಿದವರಿಗೆ ಮುಕ್ತಾಯಕ್ಕನ ಪ್ರಸಂಗ ತಿಳಿದೇ ಇದೆ. ಅಣ್ಣನೂ ಗುರುವೂ ಆದ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುತ್ತಿರುವ ಆಕೆಯ ಬಳಿಗೆ ಅಲ್ಲಮಪ್ರಭುಗಳು ಬರುತ್ತಾರೆ. ಆಕೆ ಅವರ ಮಾತನ್ನು ಸುಲಭವಾಗಿ ಒಪ್ಪುವುದಿಲ್ಲ. ಮಾತಿಗೆ ಮಾತು ಎದುರಿಡುತ್ತಾಳೆ, ಉಪದೇಶಿಸುವವರ ಅಧಿಕಾರವನ್ನೇ ಪ್ರಶ್ನಿಸುತ್ತಾಳೆ. ಮುಕ್ತಾಯಕ್ಕ ನಾಸ್ತಿಕಳಲ್ಲ. ಆದರೆ ಸಾಂತ್ವನವನ್ನು ನಿರಾಕರಿಸುವ ದುಃಖದೊಡನೆ ಮಾತನಾಡುವ ರೀತಿ ಯಾವುದೆಂಬುದು ಆ ಪ್ರಸಂಗದಲ್ಲಿ ವಿಶದವಾಗಿದೆ. ಅಲ್ಲಮರು ಆಕೆಯ ಪ್ರತಿವಾದಕ್ಕೆ ಕೋಪಗೊಂಡು ಎದ್ದುಹೋಗಲಿಲ್ಲ. ಆಕೆಯ ಪ್ರಶ್ನೆಗಳನ್ನು ಪೂರ್ತಿಯಾಗಿ ಕೇಳಿದರು. ನಮ್ಮ ಮನೆಯ ಮಗನೋ ಮಗಳೋ ಪೂಜೆಯ ಹೊತ್ತಿಗೆ 'ನನಗೆ ನಂಬಿಕೆಯಿಲ್ಲ' ಎಂದಾಗ ಆ ಪ್ರಸಂಗವನ್ನು ನೆನೆದು, ಏಕೆಂದು ಕೇಳಿ, ಉತ್ತರ ಮುಗಿಯುವವರೆಗೆ ಕುಳಿತಿರಬಹುದು.