ನೇಪಲ್ಸ್ ಪ್ರವಾಸಕ್ಕೆ ಕೊಲ್ಹಾಪುರವೇ ಮೊದಲ ಮೆಟ್ಟಿಲು

ಮೆಡಿಟರೇನಿಯನ್ ದಂಡೆಯ ಹಳೆಯ ನಗರವೊಂದನ್ನು ನೋಡಿಬರಬೇಕು ಎಂದು ಆಸೆಪಡುವವರಿಗೆ ಇಟಲಿಯ ನೇಪಲ್ಸ್ ಒಳ್ಳೆಯ ಆಯ್ಕೆ. ಗ್ರೀಕರು ಕಟ್ಟಿದ ಊರು, ರೋಮನ್ನರು ಮೆಚ್ಚಿ ನೆಲೆಸಿದ ಕೊಲ್ಲಿ, ಪಕ್ಕದಲ್ಲೇ ವೆಸೂವಿಯಸ್ ಜ್ವಾಲಾಮುಖಿ, ಕ್ರಿ.ಶ. 79ರಲ್ಲಿ ಅದರ ಬೂದಿಯಡಿ ಹೂತುಹೋದ ಪಾಂಪೇ, ಎಲ್ಲವೂ ಒಂದು ವಾರದ ಓಡಾಟದಲ್ಲಿ ಸಿಗುತ್ತವೆ. ಆದರೆ ಗಡಹಿಂಗ್ಲಜ, ಇಚಲಕರಂಜಿ, ನಿಪ್ಪಾಣಿ, ಸಂಕೇಶ್ವರ ಸೀಮೆಯ ಕನ್ನಡಿಗರು ಈ ಪ್ರವಾಸವನ್ನು ಮುಂಬೈ ವಿಮಾನ ನಿಲ್ದಾಣದಿಂದ ಶುರುಮಾಡುವ ಬದಲು ಕೊಲ್ಹಾಪುರದಿಂದ ಶುರುಮಾಡುವುದು ಲೇಸು. ಮೆಡಿಟರೇನಿಯನ್ ಲೋಕದ ಕಂಚಿನ ಸಾಮಾನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಬಂದು ಮುಟ್ಟಿದ ಊರು ಅದು. ಮಹಾಲಕ್ಷ್ಮಿಯ ದರ್ಶನ, ಪನ್ಹಾಳ ಕೋಟೆ, ಒಂದು ಜೋಡಿ ಚಪ್ಪಲಿ, ಖಾರದ ತಾಂಬಡಾ ರಸ್ಸಾ. ಇಷ್ಟಕ್ಕೆ ಕೊಲ್ಹಾಪುರ ಮುಗಿಯಿತು ಎಂದುಕೊಂಡವರು ಅದರ ಅರ್ಧ ಚರಿತ್ರೆಯನ್ನು ನೋಡದೆ ಮರಳುತ್ತಾರೆ.

ಆ ಇನ್ನರ್ಧ ಇರುವುದು ಪಂಚಗಂಗಾ ನದಿಯ ದಡದ ಬ್ರಹ್ಮಪುರಿ ದಿಬ್ಬದಲ್ಲಿ. 1940ರ ದಶಕದ ನಡುವೆ ಇಲ್ಲಿ ಕಂಚಿನ ವಸ್ತುಗಳ ಒಂದು ನಿಧಿ ಬೆಳಕಿಗೆ ಬಂತು. ವಿದ್ವಾಂಸರು ಇಂದಿಗೂ ಅದನ್ನು ‘ಕುಂದಣಗಾರ ನಿಧಿ’ ಎಂದೇ ಕರೆಯುತ್ತಾರೆ. ಅದನ್ನು ಬೆಳಕಿಗೆ ತಂದ ಕೆ. ಜಿ. ಕುಂದಣಗಾರರು ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು 1939ರಲ್ಲಿ ಗ್ರಂಥವಾಗಿ ಪ್ರಕಟಿಸಿದವರು, 1961ರಲ್ಲಿ ಗದಗಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ಅವರ ಬೆನ್ನಿಗೆ ಪುಣೆಯ ಡೆಕ್ಕನ್ ಕಾಲೇಜಿನ ಎಚ್. ಡಿ. ಸಾಂಕಳಿಯಾ ಮತ್ತು ಎಂ. ಜಿ. ದೀಕ್ಷಿತ್ 1945-46ರಲ್ಲಿ ಅದೇ ದಿಬ್ಬವನ್ನು ಕ್ರಮಬದ್ಧವಾಗಿ ಅಗೆದು, 1952ರಲ್ಲಿ ವರದಿ ಹೊರತಂದರು. ಕೆಳಗಿನ ಪದರಗಳಲ್ಲಿ ಸಾತವಾಹನರ ಕಾಲದ ಊರು ಕಂಡಿತು. ನಿಧಿಯಲ್ಲಿ ಗ್ರೀಕರ ಸಮುದ್ರ ದೇವತೆ ಪೊಸೈಡನ್‌ನ ಪುಟ್ಟ ಕಂಚಿನ ಮೂರ್ತಿ, ಒಂದು ಹೂಜಿ, ಒಂದು ಕನ್ನಡಿ, ಗ್ರೀಕ್ ಪುರಾಣದ ಪರ್ಸಿಯಸ್ ಮತ್ತು ಆಂಡ್ರೊಮಿಡಾರ ಉಬ್ಬುಚಿತ್ರವಿರುವ ಬಿಲ್ಲೆ ಇದ್ದವು. ಸವಾರರನ್ನು ಹೊತ್ತ ಆನೆಯ ಕಂಚಿನ ಶಿಲ್ಪವೂ ಜೊತೆಗಿತ್ತು; ಅದು ನಮ್ಮ ನೆಲದ ಕೈಕೆಲಸ. ಹೂಜಿಯಂಥ ಕೆಲವು ಪಾತ್ರೆಗಳು ನೇಪಲ್ಸ್ ಸುತ್ತಲಿನ ಕಂಪಾನಿಯಾ ಪ್ರಾಂತ್ಯದ ಕೆಲಸವಿರಬಹುದು ಎಂದು ತಜ್ಞರು ಹೇಳುತ್ತಾರೆ. ಸಮುದ್ರವೇ ಕಾಣದ, ಘಟ್ಟದ ಮೇಲಿನ ಊರಿಗೆ ಸಮುದ್ರದ ದೇವರು ಬಂದದ್ದು ಹೇಗೆ ಎಂಬ ಪ್ರಶ್ನೆಯೇ ಕೊಲ್ಹಾಪುರವನ್ನು ಹೊಸದಾಗಿ ನೋಡಲು ಸಾಕಾದ ಕಾರಣ.

ಬ್ರಹ್ಮಪುರಿಯ ವಸ್ತುಗಳನ್ನು ಕಾಯುತ್ತಿರುವುದು ಟೌನ್ ಹಾಲ್ ವಸ್ತುಸಂಗ್ರಹಾಲಯ. ಆ ಕಟ್ಟಡವೂ ಇಟಲಿಗೆ ನಂಟುಳ್ಳದ್ದು. 1870ರ ದಶಕದಲ್ಲಿ ಅದರ ವಿನ್ಯಾಸ ಮಾಡಿದವರು ಚಾರ್ಲ್ಸ್ ಮ್ಯಾಂಟ್. ಕೊಲ್ಹಾಪುರದ ಹೊಸ ಅರಮನೆಯ ವಾಸ್ತುಶಿಲ್ಪಿಯೂ ಅವರೇ. ಇಂಗ್ಲೆಂಡ್ ಪ್ರವಾಸ ಮುಗಿಸಿ ಮರಳುತ್ತಿದ್ದ ಕೊಲ್ಹಾಪುರದ ಯುವ ಛತ್ರಪತಿ ರಾಜಾರಾಮ್ ಮಹಾರಾಜರು 1870ರ ನವೆಂಬರ್ 30ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ ಬರೀ ಇಪ್ಪತ್ತರ ಪ್ರಾಯ. ನದಿಗಳ ಸಂಗಮದಲ್ಲಿ ಅಂತ್ಯಸಂಸ್ಕಾರವಾಗಬೇಕೆಂಬ ನಮ್ಮ ಪದ್ಧತಿಯಂತೆ ಅರ್ನೊ ಮತ್ತು ಮುನ್ಯೋನೆ ನದಿಗಳು ಕೂಡುವಲ್ಲಿ ಅವರ ದಹನವಾಯಿತು. ಅಲ್ಲಿ 1874ರಲ್ಲಿ ಎದ್ದ ಸ್ಮಾರಕದ ಮಂಟಪಕ್ಕೂ ಮ್ಯಾಂಟ್ ಅವರದೇ ವಿನ್ಯಾಸ. ಸಮೀಪದಲ್ಲಿ 1978ರಲ್ಲಿ ಕಟ್ಟಿದ ಸೇತುವೆಯನ್ನು ಫ್ಲಾರೆನ್ಸ್ ಜನ ಇಂದಿಗೂ ‘ಭಾರತೀಯನ ಸೇತುವೆ’ ಎನ್ನುತ್ತಾರೆ. ಒಂದೇ ಕೈ ಕೊಲ್ಹಾಪುರದಲ್ಲೂ ಫ್ಲಾರೆನ್ಸ್‌ನಲ್ಲೂ ಕಟ್ಟಿದ್ದನ್ನು ಅರಿತು ಹೋದವರಿಗೆ ಇಟಲಿ ಪೂರ್ತಿ ಪರದೇಶ ಅನ್ನಿಸಲಾರದು.

ಪೊಸೈಡನ್ ಬಂದ ದಾರಿಯನ್ನು ಹಳೆಯ ಬರಹಗಳಿಂದ ಊಹಿಸಬಹುದು. ಮುಂಗಾರು ಗಾಳಿಯ ಲೆಕ್ಕ ಹಿಡಿದು ಈಜಿಪ್ಟಿನ ಕೆಂಪು ಸಮುದ್ರದ ಬಂದರುಗಳಿಂದ ಹಡಗುಗಳು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದವು. ನೈಲ್ ನದಿ ಮತ್ತು ಅಲೆಕ್ಸಾಂಡ್ರಿಯಾದ ಮೂಲಕ ನಮ್ಮ ಸರಕು ಇಟಲಿ ಸೇರುತ್ತಿತ್ತು. ನೇಪಲ್ಸ್ ಕೊಲ್ಲಿಯ ಪುತ್ಯೋಲಿ, ಅಂದರೆ ಇಂದಿನ ಪೊಝ್ಝುವೋಲಿ, ಅದನ್ನು ಇಳಿಸಿಕೊಳ್ಳುವ ದೊಡ್ಡ ಬಂದರಾಗಿತ್ತು. ಕ್ರಿ.ಶ. ಒಂದನೆಯ ಶತಮಾನದ ‘ಪೆರಿಪ್ಲಸ್’ ಎಂಬ ನಾವಿಕರ ಕೈಪಿಡಿ ದಖ್ಖನಿನ ಒಳನಾಡಿನ ತಗರ ಪಟ್ಟಣದಿಂದ ಹತ್ತಿ ಬಟ್ಟೆಯೂ ಮಸ್ಲಿನ್ನೂ ಗಾಡಿಗಳಲ್ಲಿ ಭರೂಚ್ ಬಂದರಿಗೆ ಹೋಗುತ್ತಿದ್ದುದನ್ನು ದಾಖಲಿಸಿದೆ. ತಗರ ಎಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ್. ಮುಂದೆ ಕೊಲ್ಹಾಪುರವನ್ನು ಆಳಿ, ಈ ಸೀಮೆಯಲ್ಲಿ ಕನ್ನಡ ಶಾಸನಗಳನ್ನು ಬರೆಸಿದ ಶಿಲಾಹಾರರು ತಮ್ಮನ್ನು ‘ತಗರಪುರವರಾಧೀಶ್ವರ’ರೆಂದು ಕರೆದುಕೊಂಡರು. ಇತ್ತ 1938ರಲ್ಲಿ ಪಾಂಪೇಯ ಅವಶೇಷಗಳಲ್ಲಿ ಭಾರತದ ದಂತದ ಸ್ತ್ರೀ ಮೂರ್ತಿಯೊಂದು ಸಿಕ್ಕಿತು. ತೇರ್ ಮತ್ತು ಭೋಕರ್ದನ್‌ನಲ್ಲಿ ದೊರೆತ ಮೂರ್ತಿಗಳನ್ನು ಹೋಲುವ ಅದು ಈಗ ನೇಪಲ್ಸ್‌ನ ಪುರಾತತ್ವ ಸಂಗ್ರಹಾಲಯದಲ್ಲಿದೆ. ದಖ್ಖನ್ನಿಗೆ ಅಲ್ಲಿಯ ಸಮುದ್ರ ದೇವರು ಬಂದ, ದಖ್ಖನಿನ ಕಲೆ ಅಲ್ಲಿಗೆ ಹೋಯಿತು. ಈ ಕೊಡುಕೊಳ್ಳುವಿಕೆಯ ಎರಡೂ ತುದಿಗಳನ್ನು ಕಣ್ಣಾರೆ ಕಂಡಾಗಲೇ ಪ್ರವಾಸ ಪೂರ್ಣವಾಗುತ್ತದೆ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಬೆರಳೆಣಿಕೆಯ ಕಂಚಿನ ವಸ್ತುಗಳಿಂದ ಒಂದು ಊರನ್ನು ಅಂತರರಾಷ್ಟ್ರೀಯ ವ್ಯಾಪಾರ ಕೇಂದ್ರ ಎನ್ನಬಹುದೇ? ಅವು ಕರಗಿಸಲೆಂದು ತಂದ ಗುಜರಿ ಲೋಹವೂ ಆಗಿರಬಹುದಲ್ಲವೇ? ಪ್ರಶ್ನೆ ನ್ಯಾಯವಾದದ್ದೇ, ಕೊಲ್ಹಾಪುರವನ್ನು ರೋಮನ್ನರ ಪೇಟೆ ಎಂದು ಕರೆಯುವುದು ಅತಿಯಾದೀತು. ಪ್ರಾಚೀನ ಭೂಗೋಳಜ್ಞ ಟಾಲೆಮಿ ಹೆಸರಿಸುವ ಹಿಪ್ಪೊಕೌರಾ ಎಂಬ ರಾಜಧಾನಿ ಇದೇ ಎಂಬ ವಾದವೂ ಸರ್ವಸಮ್ಮತವಲ್ಲ. ಆದರೆ ಗುಜರಿಯಾಗಿ ಬಂದಿದ್ದರೂ ಅದು ಕರಾವಳಿಯಿಂದ ಘಟ್ಟ ಹತ್ತಿಯೋ ದಖ್ಖನಿನ ಗಾಡಿ ದಾರಿಯಲ್ಲೋ ಬಂದಿರಲೇಬೇಕು. ದಾರಿ ಇತ್ತು ಎಂಬುದಕ್ಕೆ ಅಷ್ಟು ಸಾಕು. ಇದು ಒಂಟಿ ಪುರಾವೆಯೂ ಅಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ, ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ರೋಮನ್ ನಾಣ್ಯಗಳು ಸಿಕ್ಕಿವೆ. ಸಮುದ್ರ ವ್ಯಾಪಾರ ಕರಾವಳಿಯ ಸೊತ್ತು ಮಾತ್ರ, ಒಳನಾಡು ಅದರಿಂದ ದೂರವಿತ್ತು ಎಂಬ ಎಣಿಕೆಯನ್ನು ಇವೆಲ್ಲ ಸೇರಿ ಅಳಿಸುತ್ತವೆ. ಇಚಲಕರಂಜಿಯ ವಿದ್ಯುತ್ ಮಗ್ಗಗಳಿಗೂ ತಗರದ ಮಸ್ಲಿನ್‌ಗೂ ನೇರ ವಂಶಾವಳಿ ಹೇಳುವಂತಿಲ್ಲ. ಆದರೂ ದಖ್ಖನಿನ ಒಳನಾಡು ಬಟ್ಟೆಯಿಂದಲೇ ದೂರದ ಪೇಟೆಗಳನ್ನು ಮುಟ್ಟಿದ್ದು ಅಂದೂ ನಿಜ, ಇಂದೂ ನಿಜ.

ಇನ್ನೊಂದು ಆಕ್ಷೇಪ ಖರ್ಚಿನದು. ಇಟಲಿ ಪ್ರವಾಸ ಎಷ್ಟು ಮನೆಗಳಿಗೆ ಎಟುಕೀತು? ಎಟುಕದಿದ್ದವರಿಗೆ ಕೊಲ್ಹಾಪುರ ಇನ್ನೂ ಹೆಚ್ಚು ಬೇಕು. ಪರದೇಶಕ್ಕೆ ಹೋಗದೆಯೇ ಪರದೇಶದ ನಂಟನ್ನು ಮಕ್ಕಳಿಗೆ ತೋರಿಸಬಲ್ಲ ಊರುಗಳು ನಮ್ಮಲ್ಲಿ ಕಡಿಮೆ. ಗಡಹಿಂಗ್ಲಜದ ಕುಟುಂಬ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಮಹಾಲಕ್ಷ್ಮಿಯ ದರ್ಶನ ಮುಗಿಸಿ ಟೌನ್ ಹಾಲ್ ತಲುಪಬಹುದು. ಸಂಗ್ರಹಾಲಯದ ವೇಳೆ, ವಾರದ ರಜೆ, ಕಂಚಿನ ವಿಭಾಗ ತೆರೆದಿದೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ಸಂಜೆಗೆ ಬ್ರಹ್ಮಪುರಿ ಮತ್ತು ಪಂಚಗಂಗಾ ಘಾಟ್. ಎರಡನೆಯ ದಿನಕ್ಕೆ ಎರಡು ದಾರಿಗಳಿವೆ: ಪಶ್ಚಿಮಕ್ಕೆ ಜ್ಯೋತಿಬಾ ಬೆಟ್ಟದ ಬಳಿಯ ಪೊಹಾಳೆ ಗುಹೆಗಳು ಮತ್ತು ಪನ್ಹಾಳ, ಪೂರ್ವಕ್ಕೆ ಇಚಲಕರಂಜಿಯ ಮೇಲಾಸಿ ಕೃಷ್ಣಾ ದಂಡೆಯ ಖಿದ್ರಾಪುರ. ಖಿದ್ರಾಪುರದ ಕೋಪೇಶ್ವರ ದೇವಾಲಯದ ಸ್ವರ್ಗಮಂಟಪದ ನಡುಭಾಗ ಆಕಾಶಕ್ಕೆ ತೆರೆದುಕೊಂಡಿದೆ. ಶಿಲಾಹಾರರ ಕಾಲದ ವೈಭವವನ್ನು ಅಲ್ಲಿ ನಿಂತು ನೋಡಿದರೆ ಕುಂದಣಗಾರರು ಈ ನೆಲದ ಶಾಸನಗಳಿಗೆ ಬಾಳು ಸವೆಸಿದ್ದರ ಅರ್ಥ ತಿಳಿಯುತ್ತದೆ.

ಇಟಲಿಗೆ ಹೊರಡುವವರು ನಮ್ಮ ಬೇಸಿಗೆ ರಜೆಯ ಏಪ್ರಿಲ್, ಮೇ ತಿಂಗಳನ್ನೇ ಆರಿಸಿಕೊಳ್ಳಬಹುದು. ಅಲ್ಲಿ ಆಗ ಹಿತವಾದ ಹವೆ. ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಲು ಅವಕಾಶವಿರುವುದರಿಂದ ದೀಪಾವಳಿಯ ಹೊತ್ತಿಗೇ ತಯಾರಿ ಶುರುವಾಗಲಿ. ಫ್ಲಾರೆನ್ಸ್‌ನಲ್ಲಿ ಒಂದು ದಿನ ಇಳಿದು ರಾಜಾರಾಮ್ ಮಹಾರಾಜರ ಸ್ಮಾರಕಕ್ಕೆ ನಮಿಸಿ, ವೇಗದ ರೈಲಿನಲ್ಲಿ ನೇಪಲ್ಸ್ ಸೇರಬಹುದು. ಮಂಗಳವಾರ ಅಲ್ಲಿನ ಪುರಾತತ್ವ ಸಂಗ್ರಹಾಲಯಕ್ಕೆ ಸಾಮಾನ್ಯವಾಗಿ ರಜೆ. ಆ ದಿನವನ್ನು ಪಾಂಪೇಗೆ ಇಡಿ. ಪೊಝ್ಝುವೋಲಿಯ ನೆಲ ಜ್ವಾಲಾಮುಖಿಯ ಒತ್ತಡಕ್ಕೆ ಏರಿಳಿಯುತ್ತ, ಆಗಾಗ ನಡುಗುವುದರಿಂದ ಹೊರಡುವ ಮುನ್ನ ಪರಿಸ್ಥಿತಿ ವಿಚಾರಿಸಿ. ಎಲ್ಲ ಸರಿಯಿದ್ದರೆ ಆ ಬಂದರನ್ನು ತಪ್ಪಿಸಬೇಡಿ, ಏಕೆಂದರೆ ಭಾರತದ ಸರಕು ಇಟಲಿಯ ನೆಲ ಮುಟ್ಟುತ್ತಿದ್ದುದು ಅಲ್ಲಿ. ಕೊಲ್ಹಾಪುರವನ್ನು ಮೊದಲು ನೋಡಿದವರು ಆ ಬಂದರಿನಲ್ಲಿ ನಿಂತಾಗ ಬರೀ ಪ್ರವಾಸಿಗಳಾಗಿರುವುದಿಲ್ಲ. ಹಳೆಯ ವ್ಯವಹಾರದ ಒಬ್ಬ ಪಾಲುದಾರನ ಊರಿನವರಾಗಿರುತ್ತಾರೆ. ಈ ಭಾಗದ ಶಾಲೆಗಳು, ಪ್ರವಾಸ ಸಂಸ್ಥೆಗಳು, ನಮ್ಮ ಮನೆಗಳು ಕೊಲ್ಹಾಪುರಕ್ಕೆ ಆ ಸ್ಥಾನವನ್ನು ಕೊಡಬೇಕು. ದೇವಿಯ ಊರು ಎಂಬ ಅದರ ಕೀರ್ತಿಗೆ ಇದರಿಂದ ಕುಂದಿಲ್ಲ. ಲೋಕದೊಡನೆ ಲೇವಾದೇವಿ ನಡೆಸಿದ ಊರು ಎಂಬ ಇನ್ನೊಂದು ಕೀರ್ತಿ, ಅದಕ್ಕೆ ನ್ಯಾಯವಾಗಿ ಸಲ್ಲಬೇಕಾದದ್ದು, ಜೊತೆಗೂಡುತ್ತದೆ.